ಬಾವುಟವಿಲ್ಲದ ಬೀದಿ

ಬ್ಯೂಕೆನ್ ರಸ್ತೆಗೆ ತಿರುಗಿದ ಕೂಡಲೇ ಮೆನ್ನೊ ಸೈಕಲ್ಲಿನಿಂದ ಇಳಿದುಬಿಟ್ಟ. ಇಳಿಯುವಂಥದ್ದೇನೂ ಇರಲಿಲ್ಲ, ರಸ್ತೆ ಅಗಲವಾಗಿತ್ತು, ಎದುರಿಗೆ ಯಾರೂ ಬರುತ್ತಿರಲಿಲ್ಲ, ಗಾಳಿ ಕೂಡ ಅಪರೂಪಕ್ಕೆ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಆದರೆ ಮೊದಲ ಮನೆಯ ಮುಂದೆ ಬಾವುಟ, ಅದರ ಪಕ್ಕದ ಮನೆಯ ಮುಂದೆ ಬಾವುಟ, ಎದುರುಸಾಲಿನಲ್ಲಿ ಒಂದು ಮನೆ ಬಿಟ್ಟು ಮತ್ತೆ ಬಾವುಟ. ಪ್ರತಿ ಬಾವುಟದ ಕೋಲಿನ ತುದಿಗೂ ಒಂದು ಹಳೆಯ ಶಾಲಾಚೀಲವನ್ನು ನೇತುಹಾಕಿದ್ದರು. ಈ ಮನೆಯ ಮಗು ಶಾಲೆಯ ಕೊನೆಯ ಪರೀಕ್ಷೆ ಪಾಸಾಗಿದೆ, ಇನ್ನು ಈ ಚೀಲದ ಕೆಲಸ ಮುಗಿಯಿತು ಎಂದು ಊರಿಗೆಲ್ಲ ಸಾರುವ ರೀತಿ ಅದು. ಫಲಿತಾಂಶ ಬಂದದ್ದು ನಿನ್ನೆ. ನಿನ್ನೆ ಸಂಜೆಯಿಂದ ಗ್ರೊನಿಂಗೆನ್ ಊರಿನ ಬೀದಿಬೀದಿಯಲ್ಲೂ ಚೀಲಗಳು ಗಾಳಿಗೆ ತೂಗುತ್ತಿದ್ದವು. ಮೆನ್ನೊ ಸೈಕಲ್ಲನ್ನು ತಳ್ಳಿಕೊಂಡು, ತಲೆ ಎತ್ತಿ ನೋಡಬಾರದೆಂದುಕೊಂಡೇ ಒಂದೊಂದನ್ನೂ ನೋಡುತ್ತ ನಡೆದ.

ಮನೆ ನೋಡಿ ಬರುತ್ತೇನೆಂದು ಹೆಂಡತಿಗೆ ಹೇಳಿ ಹೊರಟಿದ್ದ. ಅದೇನೂ ಸುಳ್ಳಲ್ಲ. ಇಷ್ಟು ವರ್ಷ ಬಾಡಿಗೆಗಿದ್ದ ಮನೆಯನ್ನು ಮಾಲೀಕ ತನ್ನ ಮಗಳಿಗೆ ಬೇಕೆಂದು ಕೇಳಿದ್ದ. ಚಳಿಗಾಲಕ್ಕೆ ಮೊದಲು ಬಿಡಬೇಕು. ಕೊಳ್ಳಬಹುದಾದ ಎರಡು ಮನೆಗಳನ್ನು ಇಬ್ಬರೂ ಹೋಗಿ ಒಳಗೆಲ್ಲ ನೋಡಿ ಬಂದಿದ್ದರು. ಒಂದು ಇಲ್ಲಿ, ಬೀಚ್ ಮರಗಳ ಈ ರಸ್ತೆಯ ಕೊನೆಯಲ್ಲಿ, ಚಿಕ್ಕದು. ಇನ್ನೊಂದು ಕಾಲುವೆಯಾಚೆ ಮಾಂಡೆಮಾಕರ್ ಬೀದಿಯಲ್ಲಿ, ಹಿಂದೆ ಬುಟ್ಟಿ ಹೆಣೆಯುವವರಿದ್ದ ಕೇರಿ ಅದು, ಮನೆ ಒಂದು ಕೋಣೆ ದೊಡ್ಡದು. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. "ಮನೆ ಒಳಗೆ ನೋಡಿ ಆಯ್ತು," ಎಂದಿದ್ದಳು ಅಲೀಡಾ, ಇವತ್ತು ಮಧ್ಯಾಹ್ನ, ಬ್ರೆಡ್ಡಿನ ಮೇಲೆ ಚೀಸ್ ಇಡುತ್ತ. "ಈಗ ಹೊರಗೆ ನೋಡ್ಕೊಂಡು ಬಾ. ಅಕ್ಕಪಕ್ಕದೋರು ಹೇಗಿದಾರೆ, ಬೀದಿ ಹೇಗಿದೆ. ಸಂಜೆ ಐದರೊಳಗೆ ಬ್ರೋಕರ್‌ಗೆ ಒಂದು ಹೇಳ್ಬೇಕು." ನೀನೂ ಬಾ ಎಂದು ಅವನು ಕರೆದ. "ನಾನು ಬಂದ್ರೆ ನೀಂಕೆ ಒಬ್ಳೇ ಆಗ್ತಾಳೆ. ನಾನು ಎಲ್ಲಾದ್ರೂ ಇರ್ತೀನಿ ಮಾರಾಯ, ನೀನು ಎಲ್ಲಿ ಇರಬಲ್ಲೆ ಅಂತ ನೋಡ್ಕೊ. ಹೇಗೂ ನಿನಗೆ ಮನೆಯಿಂದ ಹೊರಗೆ ಹೋದ್ರೆ ಸಾಕಾಗಿದೆ, ನನಗೇನು ಕಾಣಲ್ವಾ?" ಅವಳು ಸಿಟ್ಟಿನಿಂದ ಹೇಳಿರಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅವನು ಜಗಳ ತೆಗೆಯಬಹುದಿತ್ತು. ಚೀಸಿನ ಮೇಲೆ ಇನ್ನೊಂದು ಬ್ರೆಡ್ಡಿಟ್ಟು, ತಟ್ಟೆ ಹಿಡಿದು ಮಹಡಿಯ ಮೆಟ್ಟಿಲು ಹತ್ತಿ ಮಗಳು ನೀಂಕೆಯ ಕೋಣೆಗೆ ಹೋದಳು. ಮೆನ್ನೊ ಮೆಟ್ಟಿಲ ಬುಡದಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಸೈಕಲ್ಲಿನ ಬೀಗದ ಕೈ ಹುಡುಕುವ ನೆಪದಲ್ಲಿ ಜೇಬು ತಡಕಿಕೊಂಡು, ಹೊರಟುಬಂದಿದ್ದ.

ರಸ್ತೆ ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಒಪ್ಪದಿರುವುದು ಸಾಧ್ಯವೇ ಇರಲಿಲ್ಲ. ಮರಗಳ ಕೆಳಗಿನ ಬೆಳಕು ಹಸಿರಾಗಿ, ತಂಪಾಗಿ ಇಟ್ಟಿಗೆಹಾಸಿನ ಮೇಲೆ ಬಿದ್ದಿತ್ತು. ಯಾವ ಮನೆಯ ಕಿಟಕಿಗೂ ಪರದೆ ಎಳೆದಿರಲಿಲ್ಲ. ಎಲ್ಲರ ನಡುಮನೆಯೂ ಬೀದಿಗೆ ತೆರೆದುಕೊಂಡು, ನಮ್ಮಲ್ಲಿ ಮುಚ್ಚಿಡುವಂಥದ್ದೇನಿಲ್ಲ ಎನ್ನುವಂತಿತ್ತು. ಒಂದು ಮನೆಯಲ್ಲಿ ಪುಸ್ತಕಗಳು ಗೋಡೆಯಿಂದ ಗೋಡೆಗೆ, ಇನ್ನೊಂದರಲ್ಲಿ ಮೇಜಿನ ಮೇಲೆ ನಿನ್ನೆಯ ಕೇಕು, ಅರ್ಧ ಉಳಿದದ್ದು. ಅದನ್ನು ಕಂಡು ಮೆನ್ನೊ ದೃಷ್ಟಿ ಬೇರೆ ಕಡೆ ತಿರುಗಿಸಿದ. ಅಲೀಡಾ ಕೂಡ ಒಂದು ಕೇಕಿಗೆ ಹೇಳಿಟ್ಟಿದ್ದಳು. ನಿನ್ನೆ ಸಂಜೆ ಅದನ್ನು ತರಲು ಹೋಗಬೇಕೋ ಬೇಡವೋ ಎಂದು ಗಂಡಹೆಂಡತಿ ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ ವಾದಿಸಿದ್ದರು. ಕೊನೆಗೆ ಅಲೀಡಾಳೇ ಹೋಗಿ ತಂದಳು. "ಅಭಿನಂದನೆ" ಎಂದು ಮೇಲೆ ಬರೆದಿದ್ದನ್ನು ಚಾಕುವಿನಿಂದ ಕೆರೆದು ತೆಗೆದು, ಮೂವರಿಗೂ ಒಂದೊಂದು ತುಂಡು ಕೊಟ್ಟಳು. ನೀಂಕೆ ತನ್ನ ಪಾಲನ್ನು ಪೂರ್ತಿ ತಿಂದಳು. ಮೆನ್ನೊ ತನ್ನದನ್ನು ತಟ್ಟೆಯಲ್ಲೇ ಬಿಟ್ಟ.

ಅವನು ಊರಿನ ಇನ್ನೊಂದು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಪ್ರತಿ ಜೂನಿನಲ್ಲಿ ಫಲಿತಾಂಶದ ದಿನ ತನ್ನ ತರಗತಿಯಲ್ಲಿ ಫೇಲಾದವರ ಮನೆಗೆ ಫೋನು ಮಾಡುವುದು ಅವನದೇ ಕೆಲಸ. ಮೊದಮೊದಲು ಹೇಳಬೇಕಾದ್ದನ್ನು ಬರೆದಿಟ್ಟುಕೊಂಡು ಓದುತ್ತಿದ್ದ. ಬರಬರುತ್ತ ಅದಕ್ಕೊಂದು ದನಿ ಕೂಡಿಬಂತು. ಸ್ವಲ್ಪ ತಗ್ಗಿದ, ಸ್ವಲ್ಪ ನಿಧಾನದ, ಒಳ್ಳೆಯ ವೈದ್ಯರಿಗೆ ಇರುವಂಥ ದನಿ. ಕುಳಿತುಕೊಂಡಿದ್ದೀರಾ ಎಂದು ಕೇಳುವುದು, ಆಮೇಲೆ ಒಂದು ಉಸಿರಿನಷ್ಟು ಬಿಡುವು, ಆಮೇಲೆ ನೇರವಾಗಿ ವಿಷಯ. ಒಂದು ವರ್ಷ ಜೀವನದಲ್ಲಿ ದೊಡ್ಡದಲ್ಲ ಎನ್ನುವುದು ಕೊನೆಗೆ. ಅವನು ಚೆನ್ನಾಗಿ ಮಾಡುತ್ತಾನೆಂದು ಹೊಸ ಮೇಷ್ಟ್ರುಗಳು ಅವನ ಪಕ್ಕ ಕುಳಿತು ಕೇಳಿಸಿಕೊಂಡು ಕಲಿಯುತ್ತಿದ್ದರು. ನಿನ್ನೆ ಆ ಕೆಲಸ ಮುಗಿಸಿ ಇವನು ಫೋನು ಕೆಳಗಿಡುವಷ್ಟರಲ್ಲಿ ಅದೇ ಫೋನು ರಿಂಗಾಯಿತು. "ನೀಂಕೆಯ ತಂದೆಯಾ? ಕುಳಿತುಕೊಂಡಿದ್ದೀರಾ?" ಎಂದಿತು ಆ ಕಡೆಯ ದನಿ, ಮಗಳ ಶಾಲೆಯ ಟೀಚರಮ್ಮನದು. ಸ್ವಲ್ಪ ತಗ್ಗಿತ್ತು, ಸ್ವಲ್ಪ ನಿಧಾನವಾಗಿತ್ತು. ಉಸಿರಿನಷ್ಟು ಬಿಡುವಿನಲ್ಲಿ ಮೆನ್ನೊಗೆ ಎಲ್ಲ ಗೊತ್ತಾಗಿಹೋಯಿತು. ಮುಂದಿನ ಮಾತನ್ನೆಲ್ಲ ಆಡಿದ್ದು ಅವಳಾದರೂ ಅವನಿಗೆ ತನ್ನ ದನಿಯೇ ಕೇಳಿಸಿತು. ಮೂರು ವಿಷಯಗಳಲ್ಲಿ ಕಡಿಮೆ, ಒಂದನ್ನು ಮತ್ತೊಮ್ಮೆ ಬರೆಯುವ ಅವಕಾಶವಿದ್ದರೂ ಅದರಿಂದ ಪ್ರಯೋಜನವಿಲ್ಲದಷ್ಟು ಕಡಿಮೆ. ಒಂದು ವರ್ಷ ಜೀವನದಲ್ಲಿ ದೊಡ್ಡದಲ್ಲ ಎಂದಳು ಕೊನೆಗೆ. ಮೆನ್ನೊ "ಥ್ಯಾಂಕ್ಸ್, ಚೆನ್ನಾಗಿ ಹೇಳಿದ್ರಿ" ಎಂದುಬಿಟ್ಟ. ಯಾಕೆ ಹಾಗಂದನೋ. ಕಲಿಯಲೆಂದು ಪಕ್ಕದಲ್ಲಿ ಕುಳಿತಿದ್ದ ಹೊಸ ಟೀಚರ್ ತಲೆಯೆತ್ತಿ ನೋಡಿದಳು.

"ಮನೆ ನೋಡೋಕೆ ಬಂದ್ರಾ?"

ಬೇಲಿ ಕತ್ತರಿಸುತ್ತಿದ್ದ ಒಬ್ಬ ಎತ್ತರದ ಮನುಷ್ಯ ಯಂತ್ರ ನಿಲ್ಲಿಸಿ ನಗುತ್ತಿದ್ದ. ಅವನ ತಲೆಯ ಮೇಲೆಯೇ ಬಾವುಟ, ನೀಲಿ ಚೀಲ. ಹೌದೆಂದ ಮೆನ್ನೊ, ಆ ಕೊನೆಯ ಮನೆ. "ಒಳ್ಳೇದು, ಒಳ್ಳೇದು. ಇಲ್ಲಿ ತುಂಬ ಪ್ರಶಾಂತ. ನಾವು ಬಂದು ಹದಿನೈದು ವರ್ಷ ಆಯ್ತು, ಒಬ್ಬರ ಉಸಾಬರಿಗೆ ಒಬ್ಬರು ಹೋಗಲ್ಲ. ಆದ್ರೆ ಕರೆದ್ರೆ ಓಡಿ ಬರ್ತೀವಿ, ಹಾಂ!" ಅವನು ಒಳ್ಳೆಯವನೇ, ಅದು ಮೆನ್ನೊಗೆ ತಿಳಿಯುತ್ತಿತ್ತು. ಕೈಗವಸು ಬಿಚ್ಚಿ ಕೈ ಕುಲುಕಿದ. "ನಮ್ಮ ಸಣ್ಣೋಳು ನಿನ್ನೆ ಪಾಸಾದ್ಲು. ರಾತ್ರಿಯೆಲ್ಲ ಈ ರಸ್ತೇಲಿ ಹಾಡೇ ಹಾಡು. ನಿಮಗೆ ಮಕ್ಕಳು?"

"ಒಬ್ಳು ಮಗಳು."

"ಪರೀಕ್ಷೆ?"

"ಮುಂದಿನ ವರ್ಷ," ಎಂದ ಮೆನ್ನೊ.

ಅದು ಬಾಯಿಂದ ಬಂದ ಮೇಲೆ ಅವನು ಅದನ್ನು ತಿರುಗಿಸಿ ನೋಡಿದ. ಸುಳ್ಳೆಂದು ಹೇಳುವಂತಿರಲಿಲ್ಲ. ಮುಂದಿನ ವರ್ಷ ಅವಳು ಪರೀಕ್ಷೆ ಬರೆಯುವುದು ನಿಜವೇ. ಆದರೆ ಸತ್ಯವನ್ನೇ ಇಷ್ಟು ನಾಜೂಕಾಗಿ ಮಡಿಚಿ ಸುಳ್ಳು ಮಾಡಬಲ್ಲೆನೆಂಬುದು ಅವನಿಗೆ ಗೊತ್ತಿರಲಿಲ್ಲ. ಎತ್ತರದ ಮನುಷ್ಯ "ಹಾಗಾದ್ರೆ ಮುಂದಿನ ವರ್ಷ ಇಲ್ಲೊಂದು ಬಾವುಟ ಹೆಚ್ಚು!" ಎಂದು ನಕ್ಕು, ಮತ್ತೆ ಯಂತ್ರ ಶುರು ಮಾಡಿದ. ಈ ರಸ್ತೆಯಲ್ಲಿ ಮನೆ ಕೊಂಡರೆ, ಶರತ್ಕಾಲದಲ್ಲಿ ಸಾಮಾನು ತಂದು ಇಳಿಸುವ ದಿನದಿಂದಲೇ ಆ ಮಡಿಚಿದ ಮಾತನ್ನು ಕಾಯ್ದುಕೊಂಡು ಬರಬೇಕು. ಅಲೀಡಾಗೆ ಹೇಳಬೇಕು. ನೀಂಕೆಗೆ ಹೇಳಬೇಕು, ಯಾರಾದರೂ ಕೇಳಿದರೆ ನೀನು ಮುಂದಿನ ವರ್ಷದವಳು ಎಂದು. ಅವಳ ಮುಖ ಹೇಗಾಗುತ್ತದೆ ಎಂದು ಊಹಿಸಿಕೊಳ್ಳಲು ಹೋದಾಗ, ತಾನು ನಿನ್ನೆಯಿಂದ ಆ ಮುಖವನ್ನು ಸರಿಯಾಗಿ ನೋಡಿಯೇ ಇಲ್ಲವೆಂಬುದು ಹೊಳೆಯಿತು. ಮೇಜಿನ ಆಚೆ ಕುಳಿತು ಕೇಕು ತಿನ್ನುತ್ತಿದ್ದ ಕೈಯನ್ನು ಮಾತ್ರ ನೋಡಿದ್ದ. ಉಗುರಿಗೆ ಹಚ್ಚಿದ್ದ ಹಸಿರು ಬಣ್ಣ ಅಲ್ಲಲ್ಲಿ ಕಿತ್ತುಹೋಗಿತ್ತು.

ಕಾಲುವೆಯ ಸೇತುವೆ ಎತ್ತಿದ್ದರು; ಒಂದು ದೋಣಿ ಯಾವ ಅವಸರವೂ ಇಲ್ಲದೆ ಸಾಗುತ್ತಿತ್ತು. ಮೆನ್ನೊ ಉಳಿದ ಸೈಕಲ್ಲುಗಳ ನಡುವೆ ಕಾಲೂರಿ ನಿಂತ. ಮುಂದೆ ನಿಂತ ಹುಡುಗಿಯರು ಸಮುದ್ರತೀರಕ್ಕೆ ಹೋಗುವ ಮಾತಾಡುತ್ತಿದ್ದರು. ನೀಂಕೆ ಚಿಕ್ಕವಳಿದ್ದಾಗ ಇದೇ ಸೇತುವೆಯ ಹತ್ತಿರ ಅವನ ಸೈಕಲ್ಲಿನ ಮುಂದುಗಡೆ ಕುಳಿತು, ದೋಣಿ ಹೋಗುವಷ್ಟು ಹೊತ್ತೂ ಅಂಬಿಗನಿಗೆ ಕೈ ಬೀಸುತ್ತಿದ್ದಳು. ಅಂಬಿಗ ತಿರುಗಿ ಬೀಸದಿದ್ದರೆ ಸೇತುವೆ ದಾಟಲು ಬಿಡುತ್ತಿರಲಿಲ್ಲ. ಯಾವ ಪ್ರಶ್ನೆಗೂ ತನಗೆ ತೋಚಿದ ಉತ್ತರವನ್ನು ಧೈರ್ಯವಾಗಿ ಹೇಳುತ್ತಿದ್ದ ಮಗು. ಭೂಪಟದಲ್ಲಿ ಸಮುದ್ರ ಯಾಕೆ ನೀಲಿ ಎಂದರೆ, ಮೀನುಗಳಿಗೆ ಆ ಬಣ್ಣ ಇಷ್ಟ ಎಂದಿದ್ದಳು. ಅದನ್ನು ಅವನು ತರಗತಿಯಲ್ಲಿ ಎಷ್ಟೋ ಸಲ ಹೇಳಿ ಮಕ್ಕಳನ್ನು ನಗಿಸಿದ್ದಾನೆ. ಸೇತುವೆ ಇಳಿಯಿತು, ಎಲ್ಲರೂ ಒಮ್ಮೆಗೇ ಹೊರಟರು.

ಮಾಂಡೆಮಾಕರ್ ಬೀದಿ ಕಿರಿದಾಗಿತ್ತು. ಎರಡೂ ಬದಿಗೆ ಒಂದಕ್ಕೊಂದು ಅಂಟಿದ ಕೆಂಪು ಇಟ್ಟಿಗೆಯ ಮನೆಗಳು, ಬಾಗಿಲುಗಳೆಲ್ಲ ಬೀದಿಗೇ ತೆರೆಯುವಂಥವು. ಕಾಲುದಾರಿಯ ಹಾಸುಗಲ್ಲನ್ನು ಗೋಡೆಯ ಬುಡದಲ್ಲಿ ಅಲ್ಲಲ್ಲಿ ಎಬ್ಬಿಸಿ, ಅಷ್ಟೇ ಅಷ್ಟು ಮಣ್ಣಿನಲ್ಲಿ ಹೂಗಿಡ ಹಚ್ಚಿದ್ದರು. ಅವು ಆಳೆತ್ತರ ಬೆಳೆದು ಕಿಟಕಿಯೊಳಗೆ ಇಣುಕುತ್ತಿದ್ದವು. ಮನೆಗಳ ಮುಂದೆ ಬೆಂಚುಗಳು, ಒಂದರ ಹಾಗೆ ಒಂದಿಲ್ಲ. ಮೆನ್ನೊಗೆ ಮೊದಲ ನೋಟಕ್ಕೆ ಏನೋ ಹಾಯೆನಿಸಿತು, ಯಾಕೆಂದು ಕೂಡಲೇ ತಿಳಿಯಲಿಲ್ಲ. ಬೀದಿಯ ಅರ್ಧಕ್ಕೆ ಬಂದ ಮೇಲೆ ಹೊಳೆಯಿತು: ಇಲ್ಲಿ ಬಾವುಟಗಳಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಒಂದು ಚೀಲ ತೂಗುತ್ತಿರಲಿಲ್ಲ.

ಒಬ್ಬರೂ ಪಾಸಾಗಿಲ್ಲ, ಎಂದುಕೊಂಡ. ಹಾಗೆಂದುಕೊಂಡದ್ದೇ ಮೈಯ ಬಿಗಿಯೆಲ್ಲ ಸಡಿಲಿತು. ಇಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೂ ಪರವಾಗಿಲ್ಲ. ಇಲ್ಲಿಯವರಿಗೆ ಇದೆಲ್ಲ ಅಭ್ಯಾಸವಾಗಿರಬೇಕು. ಇವರ ಮಕ್ಕಳು ಇಂಥ ಪರೀಕ್ಷೆಯವರೆಗೆ ಬರುತ್ತಾರೋ ಇಲ್ಲವೋ. ಈ ಬೀದಿಯಲ್ಲಿ ನೀಂಕೆ ಎಲ್ಲರ ಹಾಗೆ ಇರುತ್ತಾಳೆ, ತಾನು ಎಲ್ಲ ಅಪ್ಪಂದಿರ ಹಾಗೆ ಇರುತ್ತೇನೆ. ಬ್ರೋಕರಿಗೆ ಫೋನು ಮಾಡಿ ಹೇಳಿಯೇಬಿಡೋಣವೆಂದು ಜೇಬಿಗೆ ಕೈ ಹಾಕಿದ. ಆಗ ಆ ಯೋಚನೆಯ ಬಾಲ ಅವನ ಕೈಗೆ ಸಿಕ್ಕಿತು. ತನ್ನ ಮಗಳಿಗೆ ಮನೆ ಹುಡುಕುತ್ತ ಹುಡುಕುತ್ತ ಅವನು ಅವಳಿಗೆ ತಕ್ಕಷ್ಟು ತಗ್ಗಿನ ಜಾಗವೊಂದನ್ನು ಹುಡುಕಿ, ಸಿಕ್ಕಿತೆಂದು ಹಿಗ್ಗುತ್ತಿದ್ದ. ನೋಡಿಲ್ಲದ ಇಷ್ಟೊಂದು ಜನರನ್ನು ಒಟ್ಟಿಗೇ ದಡ್ಡರೆಂದು ತೀರ್ಮಾನಿಸಿ, ಅವರ ನಡುವೆ ಮಗಳನ್ನು ಕೂರಿಸುತ್ತಿದ್ದ. ಮೇಷ್ಟ್ರು! ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಮಾರಾಟಕ್ಕಿದ್ದ ಮನೆಯ ಮುಂದಿನ ಬೆಂಚಿನ ಮೇಲೆ ಕುಳಿತ.

"ಆ ಬೆಂಚು ಒಂದು ಕಡೆ ಕುಸಿಯತ್ತೆ. ಮಧ್ಯದಲ್ಲಿ ಕೂತ್ಕೊಳ್ಳಿ."

ಪಕ್ಕದ ಮನೆಯ ಬಾಗಿಲಲ್ಲಿ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬಳು ಎರಡು ಲೋಟ ಕಾಫಿ ಹಿಡಿದು ನಿಂತಿದ್ದಳು. ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು, ಗಂಡಸಿನ ಅಂಗಿ. ಹೆಸರು ಹಿಲ್ಲಿ ಎಂದಳು. ಈ ಮನೆಯಲ್ಲೇ ಹುಟ್ಟಿದ್ದು, ಈ ಮನೆಯಿಂದಲೇ ಹೊರಗೆ ಸಾಗಿಸಿದರೆ ಸಾಕು. ಲೋಟವೊಂದನ್ನು ಅವನ ಕೈಗಿಟ್ಟು, ಅಂಗಿಯ ಜೇಬಿನಿಂದ ಕಾಗದದಲ್ಲಿ ಸುತ್ತಿದ ಬಿಸ್ಕತ್ತು ತೆಗೆದು ಕೊಟ್ಟಳು. ಒಂದೇ.

"ಕಿಟಕಿಯಿಂದ ನೋಡ್ತಾನೇ ಇದ್ದೆ," ಎಂದಳು. "ಈ ಸಾಲು ನೋಡಿದ್ರಿ, ಆ ಸಾಲು ನೋಡಿದ್ರಿ. ಗೋಡೆ ನೋಡ್ಲಿಲ್ಲ, ಸೂರು ನೋಡ್ಲಿಲ್ಲ. ಬಾವುಟ ಹುಡುಕ್ತಿದ್ರಿ ಅಲ್ವಾ?"

ಮೆನ್ನೊ ಕಾಫಿ ಗುಟುಕರಿಸಿ ನಾಲಿಗೆ ಸುಟ್ಟುಕೊಂಡ.

"ಬೆಳಿಗ್ಗೆ ಒಬ್ರು ಗಂಡಹೆಂಡ್ತಿ ಬಂದಿದ್ರು. ಪುಟ್ಟ ಮಕ್ಕಳಿರೋರು. ಬೀದಿ ತುಂಬ ನೋಡಿದ್ರು, ಒಬ್ರ ಮುಖ ಒಬ್ರು ನೋಡ್ಕೊಂಡ್ರು, ಹೊರಟ್ಹೋದ್ರು. ಇದು ದಡ್ಡರ ಬೀದಿ ಅಂದ್ಕೊಂಡಿರ್ತಾರೆ. ಅಂದ್ಕೊಳ್ಳಲಿ ಬಿಡಿ. ನೀವೂ ಅದನ್ನೇ ಅಂದ್ಕೊಂಡ್ರಾ?"

ಇಲ್ಲ ಎನ್ನಲು ಬಾಯಿ ತೆರೆದ. ಅವಳು ಕೆಟ್ಟದ್ದನ್ನೇನೂ ಮನಸ್ಸಿನಲ್ಲಿಟ್ಟುಕೊಳ್ಳದೆ, ಮಳೆ ಬರುತ್ತದೋ ಇಲ್ಲವೋ ಎಂದು ಕೇಳುವಷ್ಟು ಸಲೀಸಾಗಿ ಕೇಳಿದ್ದಳು. "ಹೌದು," ಎಂದ ಮೆನ್ನೊ.

"ನೋಡಿ, ಹೇಳಿದ್ರಲ್ಲ, ಒಳ್ಳೇದಾಯ್ತು," ಎಂದು ಹಿಲ್ಲಿ ಹೋಗಿ ತನ್ನ ಮನೆಯ ಬಾಗಿಲನ್ನು ಪೂರ್ತಿ ತಳ್ಳಿದಳು. ಒಳಗೆ ಓಣಿಯಷ್ಟೇ ಅಗಲದ ನಡೆಮನೆ. ಕೋಟುಗಳ ಪಕ್ಕದಲ್ಲಿ ಗೋಡೆಗೊರಗಿ ಒಂದು ಬಾವುಟ ನಿಂತಿತ್ತು, ಕೋಲಿಗೆ ಬಿಗಿಯಾಗಿ ಸುತ್ತಿದ್ದು. ತುದಿಗೆ ಕಪ್ಪು ಚೀಲವನ್ನು ಆಗಲೇ ಕಟ್ಟಿಟ್ಟಿದ್ದರು. "ನನ್ನ ಮೊಮ್ಮಗಂದು. ನನ್ನ ಹತ್ರಾನೇ ಇರ್ತಾನೆ. ನಿನ್ನೆ ಪಾಸಾದ. ಈ ಬೀದೀಲಿ ಒಟ್ಟು ಐದು ಜನ ಪಾಸಾಗಿದಾರೆ, ಐದೂ ಬಾವುಟ ಬಾಗಿಲ ಹಿಂದೆ ಇವೆ. ಆ ಮೂಲೆ ಮನೆ ರೊಮೀ ಇದಾಳೆ, ಅವಳಿಗೆ ಒಂದು ವಿಷಯ ಹೋಗಿದೆ, ಮತ್ತೆ ಬರೀಬೇಕು. ಅವಳದ್ದು ಗೊತ್ತಾಗೋವರೆಗೆ ಯಾರೂ ಹಾಕಲ್ಲ."

"ಯಾರು ಹಾಗಂತ ಹೇಳಿದ್ದು?"

"ಯಾರೂ ಹೇಳಿಲ್ಲ. ಮೀಟಿಂಗ್ ಗೀಟಿಂಗ್ ಎಲ್ಲ ಆ ಕಡೆ ಬೀಚ್ ಮರದ ರಸ್ತೆಯೋರು ಮಾಡೋದು. ಇಲ್ಲಿ ಯಾವಾಗ್ಲೋ ಒಂದು ವರ್ಷ ಒಬ್ಬರು ಒಳಗೆ ಇಟ್ಕೊಂಡ್ರು, ಅದನ್ನ ನೋಡಿ ಪಕ್ಕದೋರು ಇಟ್ಕೊಂಡ್ರು. ಈಗ ಹಾಕಿದ್ರೆ ಒಂಥರಾ ಆಗತ್ತೆ, ಅಷ್ಟೇ."

ಮೆನ್ನೊ ಬಾಗಿಲ ಹಿಂದಿನ ಆ ಸುತ್ತಿಟ್ಟ ಬಾವುಟವನ್ನು ನೋಡುತ್ತ ಕುಳಿತ. ಸಾಲುಮನೆಗಳ ಆ ಮುಚ್ಚಿದ ಬಾಗಿಲುಗಳಲ್ಲಿ ಯಾವ ನಾಲ್ಕರ ಹಿಂದೆ ಇನ್ನು ನಾಲ್ಕು ನಿಂತಿವೆಯೋ ಹೊರಗಿನಿಂದ ತಿಳಿಯುವಂತಿರಲಿಲ್ಲ. ಖುಷಿಯನ್ನು ಹೀಗೆ ಒಳಗಿಟ್ಟುಕೊಂಡು ಕಾಯಬಹುದೆಂದು ಅವನಿಗೆ ಎಂದೂ ತೋಚಿರಲಿಲ್ಲ. ಇಷ್ಟು ವರ್ಷ ಫೋನಿನಲ್ಲಿ ಅಷ್ಟೊಂದು ಮನೆಗಳಿಗೆ ಕೆಟ್ಟ ಸುದ್ದಿ ಹೇಳಿದವನು ಅವನು. ಫೋನು ಕೆಳಗಿಟ್ಟ ಮೇಲೆ ಆ ಮಕ್ಕಳು ಬಾಗಿಲು ತೆಗೆದು ಹೊರಗೆ ಬಂದಾಗ ಬೀದಿ ಹೇಗೆ ಕಾಣುತ್ತದೆ ಎಂದು ಒಮ್ಮೆಯಾದರೂ ಯೋಚಿಸಿದ್ದನೆ? ಈ ಜನ ಯೋಚಿಸಿದ್ದರು. ಯೋಚಿಸಿದ್ದೇವೆಂಬ ಗತ್ತೂ ಅವರಿಗಿರಲಿಲ್ಲ. ಅವನಿಗೆ ಅವರನ್ನು ಕಂಡು ಮನಸ್ಸು ತುಂಬಿಬಂತು, ಅದರ ಜೊತೆಗೇ ತಾನು ಇಲ್ಲಿಗೆ ತಕ್ಕವನಲ್ಲ ಎಂಬ ಸಂಕಟವೂ ಬಂತು. ಬಿಸ್ಕತ್ತು ಕಾಫಿಯೊಳಗೆ ಮುರಿದು ಬಿತ್ತು.

"ಹಿಲ್ಲೀ! ಒಂದೇ ಬಿಸ್ಕತ್ತು ಕೊಟ್ಟಿರ್ತೀಯ ಅವರಿಗೂ!" ಎದುರುಮನೆಯ ಮಹಡಿಯ ಕಿಟಕಿಯಲ್ಲಿ ಕೆಂಪು ಮುಖದ ಗಂಡಸೊಬ್ಬ ಮೊಣಕೈ ಊರಿದ್ದ. "ಹುಷಾರು ಸ್ವಾಮೀ, ಡಬ್ಬಿ ಬೀಗ ಹಾಕಿ ಇಡೋಳು ಅವಳು!"

"ಅವನು ಯಾಪ್," ಎಂದಳು ಹಿಲ್ಲಿ ಮೆನ್ನೊನ ಕಡೆ ತಿರುಗಿ. "ಅವನ ಮಗಳೂ ಪಾಸಾಗಿದಾಳೆ. ನಿನ್ನೆ ಸಂಜೆ ಬಾವುಟ ಹಿಡ್ಕೊಂಡು ಏಣಿ ಹತ್ತಿಬಿಟ್ಟಿದ್ದ. ಹೆಂಡ್ತಿ ಬಂದು ಏಣಿ ಅಲ್ಲಾಡ್ಸಿ ಇಳಿಸಿದ್ಲು."

"ಕೇಳಿಸ್ತಾ ಇದೆ ಕಣೆ! ಸ್ವಾಮಿ, ನೀವೇ ಹೇಳಿ, ಇದು ನ್ಯಾಯಾನಾ? ನನ್ನ ಮಗಳು ನಮ್ಮ ವಂಶದಲ್ಲೇ ಮೊದಲನೇ ಸಲ ಪಾಸಾಗಿರೋದು. ನನ್ನಪ್ಪ ಇಲ್ಲ, ನಾನಿಲ್ಲ, ನನ್ನ ತಮ್ಮನಂತೂ ಕೇಳಲೇಬೇಡಿ. ಅಂಥಾದ್ರಲ್ಲಿ ಬಾವುಟ ಕಕ್ಕಸಿನ ಬಾಗಿಲ ಹಿಂದೆ ಇಟ್ಕೊಂಡು ಕೂತಿದೀನಿ. ಬೆಳಿಗ್ಗೆ ಎದ್ದು ಒಳಗೆ ಹೋದ್ರೆ ಅದಕ್ಕೊಂದು ಸಲಾಂ ಹೊಡೆದು ಕೂತ್ಕೋಬೇಕು."

ಅಷ್ಟರಲ್ಲಿ ಬೀದಿಯ ಮೂಲೆಯಿಂದ ಒಬ್ಬ ಹುಡುಗಿ ಸೈಕಲ್ಲಿನಲ್ಲಿ ಬಂದಳು. ಬೆನ್ನಿಗೆ ಪುಸ್ತಕದ ಚೀಲ. ಯಾಪ್ ಕಿಟಕಿಯಿಂದಲೇ ಕೂಗಿದ: "ರೊಮೀ, ಓದು ಎಲ್ಲಿಗೆ ಬಂತು?" ಅವಳು ಸೈಕಲ್ಲು ನಿಲ್ಲಿಸಲಿಲ್ಲ. "ಹಾಕ್ಕೊಳ್ರಪ್ಪಾ ನಿಮ್ಮ ನಿಮ್ಮ ಬಾವುಟ!" ಎಂದು ಎರಡೂ ಸಾಲಿಗೆ ಕೇಳುವಂತೆ ಕಿರುಚಿದಳು. "ಐದು ಬಾವುಟ ನನ್ನ ತಲೆ ಮೇಲೆ ಕೂತಿವೆ! ನಿದ್ದೇನೂ ಬರಲ್ಲ ಇದರಿಂದ!" ಮೂಲೆಮನೆಯ ಬಾಗಿಲು ದಢಾರನೆ ಹಾಕಿಕೊಂಡಿತು. ಹಿಲ್ಲಿ ಲೋಟದ ತಳ ನೋಡುತ್ತ "ಅದೂ ನಿಜವೇ," ಎಂದಳು. "ಅವಳಿಗೆ ಸಿಟ್ಟು. ಹರೆಯದ ಹುಡುಗಿ, ಇರಲ್ವಾ? ಆದ್ರೆ ಏನು ಮಾಡೋದು. ಹಾಕಿದ್ರೆ ಒಂದು ಕಷ್ಟ, ಹಾಕದಿದ್ರೆ ಒಂದು ಕಷ್ಟ. ನಮಗೆ ಈ ಕಷ್ಟ ವಾಸಿ ಅನ್ಸತ್ತೆ." ಅವಳಿಗೆ ಅದರ ಬಗ್ಗೆ ಹೆಮ್ಮೆಯೂ ಇರಲಿಲ್ಲ, ಅನುಮಾನವೂ ಇರಲಿಲ್ಲ. ರೊಮೀಯ ಸಿಟ್ಟನ್ನು ಕೂಡ ಆ ಬೀದಿ ತನ್ನ ಲೆಕ್ಕದಲ್ಲಿ ಸೇರಿಸಿಕೊಂಡು ಸುಮ್ಮನಿತ್ತು. ಮೆನ್ನೊಗೆ ತನ್ನ ಮನೆಯಲ್ಲಿ ನಿನ್ನೆಯಿಂದ ಯಾರೂ ಯಾರ ಮೇಲೂ ಕಿರುಚಿಲ್ಲವೆಂಬುದು ನೆನಪಾಯಿತು. ಎಲ್ಲರೂ ಎಷ್ಟು ಮೆತ್ತಗೆ ಮಾತಾಡುತ್ತಿದ್ದರು! ಬಾಗಿಲುಗಳನ್ನು ಎಷ್ಟು ಮೆತ್ತಗೆ ಹಾಕುತ್ತಿದ್ದರು!

"ನಿಮಗೆ ಮಕ್ಕಳಿದಾರಾ?" ಎಂದು ಹಿಲ್ಲಿ ಕೇಳಿದಳು.

"ಒಬ್ಳು ಮಗಳು." ಅವನು ಲೋಟವನ್ನು ಬೆಂಚಿನ ಮೇಲಿಟ್ಟ. ಬೆಂಚು ಒಂದು ಕಡೆ ಕುಸಿದು, ಲೋಟ ಜಾರತೊಡಗಿತು; ಹಿಡಿದುಕೊಂಡ. "ಅವಳೂ ಈ ಸಲ ಬರೆದಿದ್ಲು," ಎಂದ. ಮುಂದಿನ ಮಾತಿಗೆ ಬಾಯಲ್ಲಿ ಆಗಲೇ ಒಂದು ದಾರಿ ಮಾಡಿಟ್ಟಂತಿತ್ತು, ಬ್ಯೂಕೆನ್ ರಸ್ತೆಯಲ್ಲಿ ಆಡಿದ ಮಾತಿನದು. ಅದರೊಳಗೆ ಜಾರಿಹೋಗುವುದು ಸುಲಭವಿತ್ತು. ಮೇಷ್ಟ್ರ ದನಿಯೂ ಸಿದ್ಧವಿತ್ತು, ತಗ್ಗಿದ್ದು, ನಿಧಾನದ್ದು. ಎರಡೂ ಬೇಡವಾಗಿ, ಅವನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದ: "ಫೇಲಾದ್ಲು. ನನ್ನ ಮಗಳು ಫೇಲಾಗಿದಾಳೆ. ಮತ್ತೆ ಬರೆದ್ರೂ ಪ್ರಯೋಜನ ಇಲ್ಲ. ಪೂರ್ತಿ ಒಂದು ವರ್ಷ."

ಎದುರುಮನೆಯ ಕಿಟಕಿಗೂ ಕೇಳಿಸಿತು. ಯಾಪ್ ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ಅಯ್ಯೋ ದೇವ್ರೇ, ಹಿಲ್ಲಿ, ಮನೆ ಅವರಿಗೆ ಕೊಡಿಸ್ಬೇಡ ಕಣೇ! ಮುಂದಿನ ವರ್ಷಾನೂ ಕಾಯ್ಬೇಕಾಗತ್ತೆ! ಮುಂದಿನ ವರ್ಷ ನನ್ನ ಮಗನದ್ದು ಪರೀಕ್ಷೆ!"

"ಕಾಯ್ತೀಯ, ಏನಾಯ್ತು ನಿಂಗೆ," ಎಂದಳು ಹಿಲ್ಲಿ, ತಲೆ ಕೂಡ ಎತ್ತದೆ. "ಮೊದ್ಲು ನಿನ್ನ ಮಗ ಪಾಸಾಗ್ಲಿ."

ಮೆನ್ನೊ ನಕ್ಕ. ನಗು ಎಲ್ಲಿಂದಲೋ ಬಂದು ನಿಲ್ಲಲೊಲ್ಲದಾಯಿತು, ಕಣ್ಣಲ್ಲಿ ನೀರು ಬಂತು, ಅದು ನಗುವಿನದೋ ಬೇರೆಯದೋ ಎಂದು ಹಿಲ್ಲಿ ವಿಚಾರಿಸಲು ಹೋಗಲಿಲ್ಲ. ಅವನ ಮಗಳ ವಿಷಯಕ್ಕೆ ಇನ್ನೂ ಕೊಳ್ಳದ ಮನೆಯ ಎದುರುಗಡೆಯವನು ಆಗಲೇ ಗೊಣಗುತ್ತಿದ್ದ. ಅವಳನ್ನು ಯಾಪ್ ಕಂಡೇ ಇರಲಿಲ್ಲ, ಅವಳ ಹೆಸರೂ ಗೊತ್ತಿರಲಿಲ್ಲ. ಆದರೂ ಅವಳಿಗಾಗಿ ಕಾಯಬೇಕಾಗುತ್ತದೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಇಷ್ಟು ವರ್ಷ ಇದ್ದ ಬೀದಿಯಲ್ಲಿ ತನ್ನ ಬಗ್ಗೆ ಹೀಗೆ ಗೊಣಗಿದವರು ಯಾರಾದರೂ ಇದ್ದರೇ? ಅವರೆಲ್ಲ ಸಭ್ಯರು. ಅವನೂ ಸಭ್ಯನೇ. ಹಿಲ್ಲಿ ಖಾಲಿ ಲೋಟಗಳನ್ನು ಎತ್ತಿಕೊಂಡು, ನೀವು ಕೂತಿರಿ ಎಂದು ಒಳಗೆ ಹೋದಳು.

ಫೋನು ಬಡಿಯಿತು. ಬ್ರೋಕರ್ ಮೆರೆಲ್, ಸದಾ ಓಡುತ್ತಲೇ ಮಾತಾಡುವ ಹುಡುಗಿ. "ಐದಕ್ಕೆ ಮುಚ್ತೀನಿ ಸಾರ್, ಎರಡರಲ್ಲಿ ಯಾವುದು ಅಂತ ತೀರ್ಮಾನ ಮಾಡಿದ್ರಾ?" ಮಗಳನ್ನು ಒಂದು ಮಾತು ಕೇಳಿ ಹೇಳುತ್ತೇನೆ ಎಂದ ಮೆನ್ನೊ. ಹೇಳಿದ ಮೇಲೆಯೇ ಅದು ನಿಜವಾಗಿಯೂ ಮಾಡಬೇಕಾದ್ದು ಎಂದು ತಿಳಿದು, ನೀಂಕೆಯ ಹೆಸರು ಒತ್ತದೆ ಫೋನನ್ನು ಮಂಡಿಯ ಮೇಲಿಟ್ಟುಕೊಂಡ. ಮಗಳಿಗೆ ಫೋನು ಮಾಡಲು ಇಷ್ಟು ಹೆದರಿಕೆಯೆ? ಕೊಠಡಿ ತುಂಬ ಮಕ್ಕಳ ಎದುರು ನಿಲ್ಲುವವನಿಗೆ? ಅವಳು ಎತ್ತುವುದಿಲ್ಲವೆಂದು ಅರ್ಧ ಆಸೆಯಿತ್ತು. ಅವಳು ಕೂಡಲೇ ಎತ್ತಿದಳು.

"ಏನಪ್ಪಾ?"

"ನಾನು ಮಾಂಡೆಮಾಕರ್ ಬೀದೀಲಿದೀನಿ," ಎಂದ. ಬೀದಿಯ ವಿಷಯ ಹೇಳಿದ, ಬಾಗಿಲ ಹಿಂದಿನ ಬಾವುಟಗಳ ವಿಷಯ, ರೊಮೀ ಕಿರುಚಿದ್ದು, ಯಾಪ್ ಗೊಣಗಿದ್ದು. ಒಂದರ ಮೇಲೊಂದು ಹೇಳುತ್ತ ಹೋದ. ಆ ಕಡೆ ಅವಳು ಕೇಳುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ.

"ಅವರಿಗೆ ನನ್ನ ವಿಷಯ ಗೊತ್ತಾ?" ಎಂದಳು ನೀಂಕೆ.

"ಗೊತ್ತು. ನಾನೇ ಹೇಳ್ದೆ."

"ಏನಂತ?"

"ಫೇಲಾಗಿದಾಳೆ ಅಂತ."

ನೀಂಕೆ ಸಣ್ಣ ದನಿಯಲ್ಲಿ, "ನಿನ್ನೆ ಸಂಜೆ ಕಸದ ಡಬ್ಬಿ ಹೊರಗಿಡೋವಾಗ ಪಕ್ಕದಮನೆ ಬ್ರಾಮ್ ಕೇಳಿದ್ರಲ್ಲ, ನೀಂಕೇದು ಏನಾಯ್ತು ಅಂತ. ಶಾಲೆಯಿಂದ ಇನ್ನೂ ಫೋನ್ ಬಂದಿಲ್ಲ ಅಂದೆ ನೀನು. ನನ್ನ ರೂಮಿನ ಕಿಟಕಿ ತೆಗೆದಿತ್ತು," ಎಂದಳು.

ಅದನ್ನು ಅವನು ಮರೆತೇಬಿಟ್ಟಿದ್ದ. ನಿನ್ನೆಯಿಂದ ಇಂದಿನವರೆಗೆ ಎಲ್ಲವನ್ನೂ ಮನಸ್ಸಿನಲ್ಲಿ ತಿರುವಿಹಾಕಿದವನು ಅದೊಂದನ್ನು ಮಾತ್ರ ಮುಟ್ಟಿರಲಿಲ್ಲ. ಬ್ರಾಮ್ ಹೆಗಲು ತಟ್ಟಿ ಒಳಗೆ ಹೋಗಿದ್ದು, ಬೀದಿದೀಪ ಇನ್ನೂ ಹತ್ತದಿದ್ದ ಆ ಜೂನಿನ ಉದ್ದನೆಯ ಬೆಳಕು, ಮೇಲೆ ಒಂದು ಕಿಟಕಿ. ಅವನು ತಲೆ ಎತ್ತಿರಲಿಲ್ಲ.

"ಹೌದು," ಎಂದ. "ಅಂದೆ."

"ನಾಚಿಕೆ ಆಯ್ತಾ? ನನ್ನಿಂದ?"

ಅವನ ಬಳಿ ಅದಕ್ಕೆ ಎಷ್ಟೊಂದು ಮೆತ್ತನೆಯ ಉತ್ತರಗಳಿದ್ದವು. ಯಾರ್ಯಾರ ಮನೆಗೋ ಫೋನು ಮಾಡಿ ಮಾಡಿ ತಿದ್ದಿದಂಥವು. ಒಂದನ್ನೂ ಆಯದೆ ಅವನು ಬೀದಿಯ ಆ ತುದಿಯವರೆಗೆ ನೋಡಿದ. "ಹೂಂ," ಎಂದ. "ಆಯ್ತು. ತಪ್ಪು ನಂದು, ನೀಂಕೆ. ನಿಂದಲ್ಲ."

ಮಗಳು ಮೂಗು ಒರೆಸಿಕೊಂಡದ್ದು ಕೇಳಿಸಿತು. "ಸರಿ," ಎಂದಳು. "ಈಗ ಬ್ರೋಕರ್‌ಗೆ ಫೋನ್ ಮಾಡು. ಐದಾಗ್ತಾ ಬಂತು."

"ನೀನು ಈ ಬೀದಿ ನೋಡೇ ಇಲ್ವಲ್ಲ ಮಗಳೇ. ಬಂದು ನೋಡು, ಆಮೇಲೆ..."

"ಏನು ನೋಡೋದಿದೆ. ಅಲ್ಲಿ ನಿನ್ನ ಬಾಯಿಂದ ನಿಜ ಬಂತಲ್ಲ," ಎಂದಳು ನೀಂಕೆ. "ಅಷ್ಟು ಸಾಕು. ಫೋನ್ ಮಾಡು."